ಅಜ್ಜನ ಮನೆ ಮೈನ್‌ಕ್ರಾಫ್ಟ್‌ನಲ್ಲಿ ಯಾಕೆ ನಿಲ್ಲುತ್ತಿಲ್ಲ?

ಪ್ರಶ್ನೆ: ಮೇಡಂ, ನಾವಿರೋದು ಡೊಂಬಿವಲಿಯಲ್ಲಿ. ಊರು ಕಾರ್ಕಳದ ಹತ್ತಿರ. ಅಲ್ಲಿದ್ದ ನನ್ನ ಅಪ್ಪನ ಹಂಚಿನ ಮನೆಯನ್ನು ಎರಡು ವರ್ಷದ ಹಿಂದೆ ಕೆಡವಿದರು. ಮಗನಿಗೆ ಈಗ 11. ಪ್ರತಿ ಮೇ ರಜೆಯಲ್ಲಿ ಆ ಮನೆಯಲ್ಲೇ ಇರುತ್ತಿದ್ದ. ಈಗ ಅದನ್ನು ಟ್ಯಾಬ್‌ನಲ್ಲಿ ಮೈನ್‌ಕ್ರಾಫ್ಟ್ ಆಟದೊಳಗೆ ಕಟ್ಟಿ ಅಜ್ಜನಿಗೆ ತೋರಿಸಬೇಕು ಅಂತ ಹಠ ಹಿಡಿದಿದ್ದಾನೆ. ನಾಲ್ಕು ಸಲ ಕಟ್ಟಿದ. ಮೊದಲನೆಯದು ಸುಟ್ಟುಹೋಯಿತು. ಅಡುಗೆಮನೆಯ ಒಲೆಗೆ ಲಾವಾ ಇಟ್ಟಿದ್ದನಂತೆ, ಸುತ್ತ ಕಲ್ಲೂ ಹಾಕಿದ್ದನಂತೆ. ಎರಡನೆಯದರ ಜಗಲಿಯನ್ನು ಕ್ರೀಪರ್ ಅನ್ನುವ ಹಸಿರು ಪ್ರಾಣಿ ಸಿಡಿದು ಹಾಳು ಮಾಡಿತು. ಮೂರನೆಯದರಲ್ಲಿ ಎಲ್ಲ ಕೋಣೆಗೂ ಟಾರ್ಚ್ ಇಟ್ಟು, ಬಾಗಿಲು ಹಾಕಿ ಹೋಗಿದ್ದ. ವಾಪಸ್ ಬಂದರೆ ಒಳಗೆ ರಾಕ್ಷಸರು! ನಾಲ್ಕನೆಯದು ನಿಂತಿದೆ. ಆದರೆ "ಅಜ್ಜನ ಮನೆ ಥರ ಕಾಣಲ್ಲ, ಡಬ್ಬ ಥರ ಇದೆ, ಮಾಡು (ಛಾವಣಿ) ನೋಡಿದ್ರೆ ಗೋಪುರ" ಅಂತ ಅಳುತ್ತಾನೆ. ಅಕ್ಕನ ಮಗ "ಕಲ್ಲಲ್ಲಿ ಕಟ್ಟು, ಆಳವಾಗಿ ಪಾಯ ಹಾಕು, ಏನೂ ಆಗಲ್ಲ" ಅಂತಾನೆ. ಯಜಮಾನರು "ಆಡ್ಲಿ ಬಿಡು, ಎಂಜಿನಿಯರ್ ಆಗ್ತಾನೆ" ಅಂತಾರೆ. ಅತ್ತೆಗೆ ಕಣ್ಣು, ಸಮಯ ಎರಡೂ ಹಾಳು ಅಂತ ಚಿಂತೆ. ಸಾಮಾನೆಲ್ಲ ಸುಮ್ನೆ ಸಿಗುವ ಕ್ರಿಯೇಟಿವ್ ಅನ್ನುವ ಬಗೆಯಲ್ಲಿ ಕಟ್ಟು ಅಂದರೆ ಅದು ಮೋಸ ಅಂತಾನೆ ಇವನು. ನನಗೆ ಈ ಆಟ ಗೊತ್ತಿಲ್ಲ. ಅವನಿಗೆ ಹೇಗೆ ಸಹಾಯ ಮಾಡಲಿ?

ಉತ್ತರ: ಮೂರು ಮನೆ ಹೋದ ಮೇಲೂ ನಾಲ್ಕನೆಯದನ್ನು ಕಟ್ಟಿ ನಿಲ್ಲಿಸಿದ್ದಾನೆ ಅಲ್ವಾ, ಮೊದಲು ಅವನಿಗೆ ನನ್ನ ಕಡೆಯಿಂದ ಶಭಾಷ್ ಹೇಳಿ. ನಾನು 20 ವರ್ಷಕ್ಕಿಂತ ಜಾಸ್ತಿ ಮುಂಬೈಯಲ್ಲಿ ಕಟ್ಟಡಗಳ ನಕ್ಷೆ ಬರೆದಿದ್ದೇನೆ. ಐದಾರು ವರ್ಷದಿಂದ ಭಾನುವಾರ ಬೆಳಿಗ್ಗೆ ಮುಲುಂಡಿನಲ್ಲಿ ನಮ್ಮ ಕನ್ನಡ ಮಕ್ಕಳಿಗೆ ಇದೇ ಆಟದಲ್ಲಿ ಮನೆ ಕಟ್ಟೋದು ಹೇಳಿಕೊಡುತ್ತೇನೆ. ನಿಮ್ಮ ಮಗನಿಗೆ ಆದದ್ದೆಲ್ಲ ನನ್ನ ಹುಡುಗರಿಗೂ ಆಗಿದೆ. ಎಲ್ಲದಕ್ಕೂ ಕಾರಣ ಇದೆ.

ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಕಲಸಿಹೋಗಿವೆ. ಒಂದು, ಮನೆ ಯಾಕೆ ಉಳಿಯುತ್ತಿಲ್ಲ. ಇನ್ನೊಂದು, ಉಳಿದ ಮನೆ ಯಾಕೆ ಅಜ್ಜನ ಮನೆ ಅನಿಸುತ್ತಿಲ್ಲ. ಮೊದಲನೆಯದಕ್ಕೆ ಆಟದ ನಿಯಮ ಗೊತ್ತಾದರೆ ಸಾಕು. ಎರಡನೆಯದಕ್ಕೆ ಅಳತೆ ಬೇಕು. ಅವನ ಕೈಯಲ್ಲಿ ಕೆಲಸ ಇದೆ, ಅಳತೆ ಒಂದು ಇಲ್ಲ, ಅಷ್ಟೇ.

ಪಾಯದ ಮಾತು ಮೊದಲು ಮುಗಿಸಿಬಿಡೋಣ. ಮೈನ್‌ಕ್ರಾಫ್ಟ್‌ನಲ್ಲಿ ಪಾಯ ಬೇಡ. ಅಲ್ಲಿ ಎಲ್ಲವನ್ನೂ ಕಟ್ಟುವುದು ಬ್ಲಾಕ್ ಅನ್ನುವ ಚೌಕ ತುಂಡುಗಳಿಂದ, ಹೆಚ್ಚಿನವಕ್ಕೆ ಭಾರವೇ ಇಲ್ಲ. ಮರದ ಕಾಂಡವನ್ನು ಬುಡದಿಂದ ಕಡಿದರೂ ಮೇಲಿನ ಭಾಗ ಗಾಳಿಯಲ್ಲೇ ನಿಲ್ಲುತ್ತದೆ. ಮರಳು, ಜಲ್ಲಿ, ಕಾಂಕ್ರೀಟ್ ಪುಡಿ ಇಂಥ ಕೆಲವು ಮಾತ್ರ ಕೆಳಗೆ ಆಧಾರ ಇಲ್ಲದಿದ್ದರೆ ಬೀಳುತ್ತವೆ. ಹಾಗಾಗಿ ನೆಲದೊಳಗೆ ನಾಲ್ಕು ಬ್ಲಾಕ್ ಅಗೆದು ಕಲ್ಲು ತುಂಬುವುದು ಸುಮ್ನೆ ಶ್ರಮ. ಆದರೆ ನೆಲದ ಮೇಲೆ ಒಂದು ಬ್ಲಾಕ್ ಎತ್ತರದ ಪಂಚಾಂಗ, ಅಂದರೆ ಮನೆ ಕೂರುವ ಕಟ್ಟೆ, ಖಂಡಿತ ಬೇಕು. ಅದು ಭಾರ ಹೊರುವುದಕ್ಕಲ್ಲ, ಮೂರು ಮೆಟ್ಟಿಲು ಹತ್ತಿ ಜಗಲಿಗೆ ಹೋಗುತ್ತಿದ್ದ ನೆನಪಿಗೆ. ಆ ಎತ್ತರ ಇಲ್ಲದಿದ್ದರೆ ನಿಮ್ಮ ಕಡೆಯ ಯಾವ ಮನೆಯೂ ಅಂಗಳಕ್ಕೆ ಇಟ್ಟ ಪೆಟ್ಟಿಗೆಯಂತೆ ಕಾಣುತ್ತದೆ.

ಇನ್ನು ಕಲ್ಲಿನ ಮನೆಗೆ ಏನೂ ಆಗಲ್ಲ ಅನ್ನೋದು. ಇದು ಅರ್ಧ ನಿಜ. ಕಲ್ಲಿಗೆ ಬೆಂಕಿ ಹತ್ತುವುದಿಲ್ಲ, ಅದು ಪೂರ್ತಿ ಸರಿ. ಸ್ಫೋಟವನ್ನು ಹಲಗೆಗಿಂತ ಚೆನ್ನಾಗಿ ತಡೆಯುತ್ತದೆ, ಅದೂ ಸರಿ. ಆದರೆ ಕ್ರೀಪರ್ ಗೋಡೆಗೆ ಅಂಟಿ ನಿಂತು ಸಿಡಿದರೆ ಕಲ್ಲಿನ ಗೋಡೆಯೂ ತೂತಾಗುತ್ತದೆ. ಪೂರ್ತಿ ತಡೆಯಬೇಕಾದರೆ ಅಬ್ಸಿಡಿಯನ್ ಬೇಕು. ಆ ಕಪ್ಪು ಕಲ್ಲಿನಲ್ಲಿ ಅಜ್ಜನ ಮನೆ ಕಟ್ಟಿದರೆ ಅಜ್ಜನಿಗೆ ಗುರುತು ಸಿಗಲಿಕ್ಕಿಲ್ಲ.

ಕ್ರೀಪರ್ ಮನೆಯನ್ನು ಹುಡುಕಿಕೊಂಡು ಬರುವುದಿಲ್ಲ, ಆಡುವವನನ್ನು ಹುಡುಕಿಕೊಂಡು ಬರುತ್ತದೆ. ಸುಮಾರು ಮೂರು ಬ್ಲಾಕ್ ಹತ್ತಿರ ಬಂದಾಗ ಬುಸ್ ಅನ್ನುತ್ತದೆ, ಒಂದೂವರೆ ಸೆಕೆಂಡಿನಲ್ಲಿ ಸಿಡಿಯುತ್ತದೆ. ತಕ್ಷಣ ದೂರ ಓಡಿದರೆ ಸಿಡಿಯದೆ ಸುಮ್ಮನಾಗುತ್ತದೆ. ನಿಮ್ಮ ಮಗ ತೆರೆದ ಜಗಲಿಯಲ್ಲಿ ನಿಂತು ಕೆಲಸ ಮಾಡುತ್ತಿದ್ದಿರಬೇಕು. ಅದು ಅವನ ಹತ್ತಿರ ಬಂತು, ಜಗಲಿ ಹೋಯಿತು. ಹಗಲು ಸುರಕ್ಷಿತ ಅಂತ ಅವನು ಅಂದುಕೊಂಡಿದ್ದರೆ ಅದೂ ತಪ್ಪು. ಬಿಸಿಲು ಬಿದ್ದರೆ ಜಾಂಬಿ, ಅಸ್ಥಿಪಂಜರಗಳು ಉರಿದುಹೋಗುತ್ತವೆ. ಕ್ರೀಪರ್‌ಗೆ ಬಿಸಿಲಿನಿಂದ ಏನೂ ಆಗದು. ರಾತ್ರಿ ಬಂದದ್ದು ಬೆಳಿಗ್ಗೆಯೂ ಅಂಗಳದಲ್ಲೇ ತಿರುಗುತ್ತಿರುತ್ತದೆ.

ಇದಕ್ಕೆ ಪರಿಹಾರ ನಿಮ್ಮ ಊರಿನ ಮನೆಯಲ್ಲೇ ಇತ್ತು, ಪಾಗಾರ. ಅಂಗಳದ ಸುತ್ತ ಬೇಲಿ ಹಾಕಲಿ. ಆಟದಲ್ಲಿ ಬೇಲಿ ನೋಡಲು ಒಂದು ಬ್ಲಾಕ್, ಆದರೆ ಹಾರುವವರಿಗೆ ಒಂದೂವರೆ ಬ್ಲಾಕ್ ಲೆಕ್ಕ. ಕ್ರೀಪರ್ ಅದನ್ನು ಹಾರಲಾರದು. ಜೇಡ ಮಾತ್ರ ಹತ್ತಿ ಬರುತ್ತದೆ. ಬೇಲಿಯೊಳಗೆ ಟಾರ್ಚ್ ಇಡಲಿ. ಹತ್ತಿರದ ಹಳ್ಳಿಯಲ್ಲಿ ಬೆಕ್ಕು ಸಿಕ್ಕರೆ ಹಸಿ ಮೀನು ಕೊಟ್ಟು ಪಳಗಿಸಿ ಜಗಲಿಯಲ್ಲಿ ಕೂರಿಸಲಿ. ಕ್ರೀಪರ್‌ಗಳು ಬೆಕ್ಕು ಕಂಡರೆ ದೂರ ಓಡುತ್ತವೆ. ಅಜ್ಜನ ಮನೆಯಲ್ಲಿ ಬೆಕ್ಕು ಇತ್ತಾ ಕೇಳಿ. ಇದ್ದರೆ ಅದೇ ಬಣ್ಣದ್ದನ್ನು ಹುಡುಕಲಿ, ಬಗೆಬಗೆಯ ಬಣ್ಣದವು ಸಿಗುತ್ತವೆ.

ಒಲೆಯ ಬೆಂಕಿ. ಅವನು ಸುತ್ತ ಕಲ್ಲು ಹಾಕಿದ್ದ ಅಂದಿರಿ. ಜಾಣ, ನಿಜವಾದ ಅಡುಗೆಮನೆಗೆ ಅಷ್ಟು ಸಾಕಿತ್ತು. ಆದರೆ ಈ ಆಟದ ಲಾವಾ ಪಕ್ಕಕ್ಕಿಂತ ಮೇಲಕ್ಕೆ ಅಪಾಯ. ಅದರ ಮೇಲಿನ ಖಾಲಿ ಜಾಗದಲ್ಲಿ ಆಗಾಗ ಬೆಂಕಿ ಹುಟ್ಟುತ್ತದೆ. ಹತ್ತಿರ ಮರದ ಮುಚ್ಚಿಗೆ, ಹಲಗೆ, ಉಣ್ಣೆ ಏನಿದ್ದರೂ ಹಿಡಿದುಕೊಳ್ಳುತ್ತದೆ. ಯಾವಾಗ ಹುಟ್ಟುತ್ತದೆ ಅನ್ನೋದು ಅದೃಷ್ಟದ ಆಟ. ಎರಡು ದಿನ ಏನೂ ಆಗದೆ ಮೂರನೇ ದಿನ ಸುಡಬಹುದು. ಅದಕ್ಕೇ ಮಕ್ಕಳಿಗೆ ಕಾರಣ ಗೊತ್ತಾಗುವುದಿಲ್ಲ. ಲಾವಾ ಬಿಟ್ಟು ಕ್ಯಾಂಪ್‌ಫೈರ್ ಬ್ಲಾಕ್ ಇಡಲು ಹೇಳಿ. ಅದು ಉರಿಯುತ್ತದೆ, ಹೊಗೆ ಬಿಡುತ್ತದೆ, ಬೆಳಕು ಕೊಡುತ್ತದೆ, ಪಕ್ಕದ ಮರಕ್ಕೆ ಬೆಂಕಿ ಹಚ್ಚುವುದಿಲ್ಲ. ಸೌದೆ ಒಲೆಗೆ ಇದಕ್ಕಿಂತ ಹತ್ತಿರದ್ದು ಆ ಆಟದಲ್ಲಿ ಇಲ್ಲ.

ಮೂರನೇ ಮನೆಯ ಕಥೆ ನನಗೆ ತುಂಬ ಇಷ್ಟವಾಯಿತು, ಯಾಕೆಂದರೆ ಹುಡುಗ ಯಾವ ತಪ್ಪೂ ಮಾಡಿಲ್ಲ. ಬಾಗಿಲು ಹಾಕಿದ್ದ, ಎಲ್ಲ ಕೋಣೆಗೂ ಟಾರ್ಚ್ ಇಟ್ಟಿದ್ದ. ಒಂದು ಜಾಗ ಬಿಟ್ಟಿದ್ದ. ಅಟ್ಟ.

ರಾಕ್ಷಸರು ಹೊರಗಿನಿಂದ ಬರಲೇಬೇಕು ಅಂತಿಲ್ಲ. ಕತ್ತಲೆ ಇದ್ದ ಕಡೆ ಅಲ್ಲೇ ಹುಟ್ಟುತ್ತಾರೆ. ನಿಂತುಕೊಳ್ಳಲು ಎರಡು ಬ್ಲಾಕ್ ಎತ್ತರ ಸಿಕ್ಕರೆ ಸಾಕು. ಮುಚ್ಚಿಗೆಯ ಮೇಲೆ, ಮಾಡಿನ ಕೆಳಗೆ ಅವನು ಬಿಟ್ಟ ಕತ್ತಲೆಯ ಜಾಗ ಅವರಿಗೆ ಬೇಕಾದಷ್ಟಾಯಿತು. ಇನ್ನೊಂದು ನಿಯಮ ಇದೆ. ಆಡುವವನಿಂದ 24 ಬ್ಲಾಕ್ ಒಳಗೆ ಅವರು ಹುಟ್ಟುವುದಿಲ್ಲ. ಅಂದರೆ ಅವನು ಮನೆಯಲ್ಲಿದ್ದಷ್ಟು ಹೊತ್ತು ಅಟ್ಟ ಖಾಲಿ. ಗಣಿಗೆ ಹೋಗಿ ಸ್ವಲ್ಪ ದೂರವಾದ ಕೂಡಲೇ ಅಟ್ಟ ತುಂಬಿತು. ಅಟ್ಟದ ಏಣಿಯ ಕಿಂಡಿಯಿಂದ ಕೆಳಗಿಳಿದರು. ಅವನು ಬಂದು ಬಾಗಿಲು ತೆಗೆದಾಗ ಎದುರಿಗಿದ್ದರು. ಪಾಪ, ಹುಡುಗನಿಗೆ ಎಷ್ಟು ಬೇಜಾರಾಗಿರಬೇಡ.

ಅಟ್ಟದಲ್ಲಿ ಒಂದು ಟಾರ್ಚ್ ಇಟ್ಟರೆ ಮುಗಿಯಿತು. ಟಾರ್ಚ್‌ನ ಬೆಳಕಿಗೆ 14 ಅಂಕ. ಒಂದೊಂದು ಬ್ಲಾಕ್ ದಾಟಿದಂತೆ ಒಂದೊಂದು ಅಂಕ ಇಳಿಯುತ್ತದೆ. ಮೂಲೆಗೆ ಅಡ್ಡ ಹೋದರೆ ಎರಡು ಹೆಜ್ಜೆ ಲೆಕ್ಕ. 2021ರ ಕೊನೆಗೆ ಬಂದ 1.18 ಆವೃತ್ತಿಯಿಂದ ಬೆಳಕು ಪೂರ್ತಿ ಸೊನ್ನೆ ಇದ್ದಲ್ಲಿ ಮಾತ್ರ ಅವರು ಹುಟ್ಟುತ್ತಾರೆ. ಅದಕ್ಕೆ ಮೊದಲು 7 ಅಥವಾ ಅದಕ್ಕಿಂತ ಕಡಿಮೆ ಇದ್ದಲ್ಲೆಲ್ಲ ಹುಟ್ಟುತ್ತಿದ್ದರು. ಹಳೇ ವೀಡಿಯೊಗಳಲ್ಲಿ ಐದಾರು ಹೆಜ್ಜೆಗೊಂದು ಟಾರ್ಚ್ ಇಡಿ ಅನ್ನುವುದು ಅದಕ್ಕೇ. ಈಗ ಅಷ್ಟು ಬೇಡ. ತೆರೆದ ಜಾಗದಲ್ಲಿ ಒಂದು ಟಾರ್ಚ್ ನಾಲ್ಕೂ ದಿಕ್ಕಿಗೆ 13 ಬ್ಲಾಕ್ ಕಾಯುತ್ತದೆ. ಗೋಡೆ ಬಂದರೆ ಬೆಳಕು ನಿಲ್ಲುತ್ತದೆ, ಆದ್ದರಿಂದ ಕೋಣೆಗೊಂದು, ಅಟ್ಟಕ್ಕೊಂದು, ಹಟ್ಟಿಗೊಂದು. ಟ್ಯಾಬ್‌ನಲ್ಲಿರುವ ಆಟ ಯಾವ ಆವೃತ್ತಿ ಅಂತ ಮಾತ್ರ ಒಮ್ಮೆ ನೋಡಿಕೊಳ್ಳಿ.

ಈಗ ಡಬ್ಬದ ವಿಷಯಕ್ಕೆ ಬರುತ್ತೇನೆ.

ನಾನು ಹುಟ್ಟಿ ಬೆಳೆದದ್ದು ಪರೇಲಿನ ಚಾಳಿನಲ್ಲಿ. ಖೋಲಿ 10 ಅಡಿಗೆ 12 ಅಡಿ. ಏಳು ಜನ. ಮೈನ್‌ಕ್ರಾಫ್ಟ್‌ನಲ್ಲಿ ಒಂದು ಬ್ಲಾಕ್ ಅಂದರೆ ಒಂದು ಮೀಟರ್, ಅಂದಾಜು ಮೂರೂಕಾಲು ಅಡಿ. ಆ ಲೆಕ್ಕಕ್ಕೆ ನಮ್ಮ ಖೋಲಿ 3 ಬ್ಲಾಕ್ ಅಗಲ, 4 ಬ್ಲಾಕ್ ಉದ್ದ. ಕ್ಲಾಸಿಗೆ ಹೊಸದಾಗಿ ಬಂದ ಮಕ್ಕಳಿಗೆ ನಾನು ಮೊದಲ ದಿನ ಇದನ್ನೇ ಕಟ್ಟಿಸುತ್ತೇನೆ. ಒಳಗೆ 12 ಬ್ಲಾಕ್ ನೆಲ. ಹಾಸಿಗೆಗೆ ಎರಡು, ಪೆಟ್ಟಿಗೆಗೆ ಒಂದು, ಕೆಲಸದ ಮೇಜಿಗೆ ಒಂದು, ಕುಲುಮೆಗೆ ಒಂದು. ಉಳಿದದ್ದು ಏಳು. ಬಾಗಿಲ ಎದುರು ಒಂದು ಖಾಲಿ ಬಿಡಲೇಬೇಕು. ಈಗ ಓಡಾಡಿ ನೋಡಿ ಅನ್ನುತ್ತೇನೆ. ಮಕ್ಕಳು ಹಾಸಿಗೆಯನ್ನು ಮೂರು ಸಲ ತಿರುಗಿಸುತ್ತಾರೆ, ಪೆಟ್ಟಿಗೆಯನ್ನು ಮೂಲೆಗೆ ತಳ್ಳುತ್ತಾರೆ. ಆಮೇಲೆ ಒಬ್ಬರಾದರೂ ಹೊರಗೆ ಗ್ಯಾಲರಿ ಬೇಕು ಅಂತಾರೆ. ಅಲ್ಲಿಗೆ ಅವರಿಗೆ ಚಾಳಿಗೆ ಗ್ಯಾಲರಿ ಯಾಕೆ ಇತ್ತು ಅಂತ ಗೊತ್ತಾಯಿತು. ನಾನು ಬಾಯಿಬಿಟ್ಟು ಹೇಳುವುದೇ ಬೇಡ.

ನಿಮ್ಮ ಮಗ ಹೊರಗೋಡೆಯಿಂದ ಶುರು ಮಾಡಿದ್ದಾನೆ. ಎಲ್ಲ ಮಕ್ಕಳೂ ಹಾಗೇ ಮಾಡುತ್ತಾರೆ. ನಾಲ್ಕು ಗೋಡೆ ಎಬ್ಬಿಸಿ, ಮೇಲೆ ಮುಚ್ಚಿ, ಆಮೇಲೆ ಒಳಗೆ ಏನಿಡೋದು ಅಂತ ಯೋಚಿಸುತ್ತಾರೆ. ಅದಕ್ಕೇ ಡಬ್ಬ ಆಗುವುದು. ಅಜ್ಜನ ಮನೆಯನ್ನು ಯಾರೂ ಹಾಗೆ ಕಟ್ಟಿರಲಿಲ್ಲ. ಅಂಗಳದಲ್ಲಿ ಅಡಿಕೆ ಒಣಗಬೇಕು, ಬಂದವರು ಜಗಲಿಯಲ್ಲಿ ಕೂರಬೇಕು, ಚಾವಡಿ ದಾಟಿ ನಡುಮನೆ, ಅದರ ಆಚೆ ಅಡುಗೆ, ಹಿಂದೆ ಬಚ್ಚಲು, ಬಾವಿ. ನಡೆಯುವ ದಾರಿ ಮೊದಲು, ಗೋಡೆ ಆಮೇಲೆ.

ಹಾಗಾಗಿ ಒಂದು ವಾರ ಟ್ಯಾಬ್ ಬದಿಗಿಡಿ, ಒಂದು ಗ್ರಾಫ್ ಪುಸ್ತಕ ಕೊಡಿಸಿ. ಒಂದು ಚೌಕ ಒಂದು ಬ್ಲಾಕ್. ಸಂಜೆ ಅಜ್ಜನಿಗೆ ಫೋನ್ ಮಾಡಿ ಅವನೇ ಕೇಳಲಿ. ಚಾವಡಿ ಎಷ್ಟು ಅಡಿ? ಜಗಲಿಯಿಂದ ಬಾವಿಗೆ ಎಷ್ಟು ಹೆಜ್ಜೆ? ತುಳಸಿಕಟ್ಟೆ ಬಾಗಿಲಿಗೆ ನೇರ ಇತ್ತಾ, ಸ್ವಲ್ಪ ಪಕ್ಕಕ್ಕಿತ್ತಾ? ಮಳೆಗಾಲದಲ್ಲಿ ಸೌದೆ ಎಲ್ಲಿಡುತ್ತಿದ್ದರು? ಅಜ್ಜನಿಗೆ ಅಡಿ ಲೆಕ್ಕ ನೆನಪಿಲ್ಲದಿದ್ದರೆ ಹಳೇ ಫೋಟೊ ಹುಡುಕಿ. ಬಾಗಿಲು ಕಾಣುವ ಫೋಟೊ ಒಂದು ಸಿಕ್ಕರೆ ಸಾಕು. ಬಾಗಿಲಿನ ಅಗಲವನ್ನೇ ಅಳತೆಕೋಲು ಮಾಡಿ, ಇಡೀ ಗೋಡೆ ಅಂಥ ಎಷ್ಟು ಬಾಗಿಲು ಅಗಲ ಅಂತ ಸ್ಕೇಲ್ ಇಟ್ಟು ಎಣಿಸಲಿ. ಕೆಡವಿದ ಹಳೇ ಮನೆಗಳ ನಕ್ಷೆ ಬರೆಯಬೇಕಾಗಿ ಬಂದಾಗ ನಾನೂ ಹೀಗೇ ಮಾಡಿದ್ದೇನೆ.

ಅಳತೆ ಸಿಕ್ಕ ಮೇಲೆ ಒಂದು ತೊಡಕು ಬರುತ್ತದೆ. ಅಡಿಯನ್ನು ನೇರ ಬ್ಲಾಕ್‌ಗೆ ಇಳಿಸಿದರೆ ಮನೆ ಇಕ್ಕಟ್ಟಾಗುತ್ತದೆ. ಎರಡು ಕಾರಣ. ನಿಮ್ಮ ಕಡೆಯ ಕೆಂಪುಕಲ್ಲಿನ ಗೋಡೆ ಒಂದೂವರೆ ಅಡಿ ದಪ್ಪ ಇದ್ದೀತು. ಆಟದಲ್ಲಿ ಪೂರ್ತಿ ಬ್ಲಾಕ್‌ನ ಗೋಡೆ ಅಂದರೆ ಮೂರೂಕಾಲು ಅಡಿ ದಪ್ಪ. ಅದು ಕೋಣೆಯನ್ನು ನುಂಗುತ್ತದೆ. ಇನ್ನೊಂದು, ಪರದೆಯೊಳಗಿನಿಂದ ನೋಡುವಾಗ ಕೋಣೆ ಇದ್ದುದಕ್ಕಿಂತ ಚಿಕ್ಕದು ಅನಿಸುತ್ತದೆ. ನಾನು ಮಕ್ಕಳಿಗೆ ಒಂದೂವರೆ ಪಟ್ಟು ಹಿಡಿಯಿರಿ ಅನ್ನುತ್ತೇನೆ. 12 ಅಡಿಗೆ 20 ಅಡಿಯ ಚಾವಡಿ ನೇರ ಲೆಕ್ಕಕ್ಕೆ 4 ಬ್ಲಾಕ್‌ಗೆ 6 ಬ್ಲಾಕ್ ಆಗುತ್ತದೆ. ಅಡಿಯನ್ನೇ ಒಂದೂವರೆ ಪಟ್ಟು ಮಾಡಿ ಆಮೇಲೆ ಬ್ಲಾಕ್‌ಗೆ ಇಳಿಸಿದರೆ 5 ಮತ್ತು 9. ಎರಡೂ ಬೆಸ ಸಂಖ್ಯೆ, ಅದೂ ಒಳ್ಳೆಯದೇ. ಬೆಸ ಇದ್ದರೆ ಬಾಗಿಲು ಸರಿಯಾಗಿ ನಡುವೆ ಕೂರುತ್ತದೆ, ಮಾಡಿನ ಕೂಡುಗೆರೆಯೂ ನಡುವೆ ಒಂದೇ ಸಾಲು ಬರುತ್ತದೆ. ಅಳತೆ ಯಾವಾಗಲೂ ಒಳಗಿನದು ಹಿಡಿಯಲಿ, ಗೋಡೆಯನ್ನು ಅದರ ಹೊರಗೆ ಇಡಲಿ. ಬಾಗಿಲು ಮಾತ್ರ ಆಟದಲ್ಲಿ ಎರಡೇ ಬ್ಲಾಕ್ ಎತ್ತರ, ಅದನ್ನು ಹಿಗ್ಗಿಸಲಾಗದು. ತಲೆ ತಗ್ಗಿಸಿ ದಾಟುತ್ತಿದ್ದ ಹಳೇ ದಾರಂದಕ್ಕೆ ಅದು ತಾನಾಗೇ ಹೊಂದುತ್ತದೆ.

ಅಳತೆಯ ಅಂದಾಜು ಕೂರಬೇಕಾದರೆ ಒಂದು ಭಾನುವಾರ ಅವನನ್ನು ಗೇಟ್‌ವೇ ಆಫ್ ಇಂಡಿಯಾಕ್ಕೆ ಕರೆದುಕೊಂಡು ಹೋಗಿ. ಇದು ಎಷ್ಟು ಬ್ಲಾಕ್ ಎತ್ತರ ಅಂತ ಕೇಳಿ. ನನ್ನ ಮಕ್ಕಳು 50, 60 ಅಂದಿದ್ದಾರೆ. ಅದು ಇರುವುದು 26 ಮೀಟರ್, ಅಂದರೆ 26 ಬ್ಲಾಕ್. ನಡುವಿನ ಗುಮ್ಮಟದ ಅಗಲ 15. ಆಟದಲ್ಲಿ 60 ಬ್ಲಾಕ್ ಎತ್ತರ ಕಟ್ಟುವವನಿಗೆ ಅದು ಎಷ್ಟು ದೊಡ್ಡದು ಅನ್ನುವ ಅರಿವು ಅಲ್ಲಿ ನಿಂತಾಗ ಬರುತ್ತದೆ.

ಈಗ ಮಾಡು. "ಗೋಪುರ ಆಗಿದೆ" ಅಂತ ಅವನು ಅತ್ತದ್ದು ನೋಡಿ ನನಗೆ ಖುಷಿಯಾಯಿತು, ಯಾಕೆಂದರೆ ಅವನ ಕಣ್ಣು ಸರಿಯಾಗಿದೆ. ಮಕ್ಕಳು ಮಾಡಿಗೆ ಮೆಟ್ಟಿಲಿನ ಆಕಾರದ ಸ್ಟೇರ್ ಬ್ಲಾಕ್ ಬಳಸುತ್ತಾರೆ. ಅದು ಒಂದು ಮುಂದೆ, ಒಂದು ಮೇಲೆ, ಅಂದರೆ 45 ಡಿಗ್ರಿ. ಹಂಚಿನ ಮಾಡು ಅಷ್ಟು ಕಡಿದಾಗಿ ಇರುವುದಿಲ್ಲ, ಸಾಮಾನ್ಯವಾಗಿ 30ರ ಆಸುಪಾಸು. ಸ್ಟೇರ್ ಬದಲು ಸ್ಲ್ಯಾಬ್ ಬಳಸಲಿ. ಸ್ಲ್ಯಾಬ್ ಅರ್ಧ ಬ್ಲಾಕ್ ದಪ್ಪ. ಒಂದು ಮುಂದೆ ಹೋದರೆ ಅರ್ಧ ಮೇಲೆ ಏರುತ್ತದೆ, 26 ಡಿಗ್ರಿ ಬರುತ್ತದೆ. ಊರಿನ ಮಾಡಿಗೆ ಅದು ತೀರಾ ಹತ್ತಿರ.

ಲೆಕ್ಕ ಹಾಕಿ ತೋರಿಸುತ್ತೇನೆ. ಮನೆ ಹೊರಗಿನಿಂದ 13 ಬ್ಲಾಕ್ ಅಗಲ, 17 ಉದ್ದ ಅಂತಿಟ್ಟುಕೊಳ್ಳಿ. ಸೂರು ಸುತ್ತಲೂ ಒಂದೊಂದು ಬ್ಲಾಕ್ ಹೊರಗೆ ಬರಬೇಕು, ಅಂದರೆ ಮಾಡು 15ಕ್ಕೆ 19. ಸ್ಟೇರ್‌ನಲ್ಲಿ ಕಟ್ಟಿದರೆ ಗೋಡೆಯ ಮೇಲೆ ಏಳೂವರೆ ಬ್ಲಾಕ್ ಏರುತ್ತದೆ. ಗೋಡೆಯೇ ನಾಲ್ಕು ಬ್ಲಾಕ್! ಸ್ಲ್ಯಾಬ್‌ನಲ್ಲಿ ಕಟ್ಟಿದರೆ ಮಾಡು ನಾಲ್ಕೇ ಬ್ಲಾಕ್ ಏರುತ್ತದೆ. ಸಾಮಾನಿನ ಲೆಕ್ಕದಲ್ಲೂ ಲಾಭ ಇದೆ. ಹಂಚಿನ ಬಣ್ಣಕ್ಕೆ ಇಟ್ಟಿಗೆ ಬ್ಲಾಕ್ ಚೆನ್ನ, ಅದಕ್ಕೆ ಬೆಂಕಿಯೂ ಹತ್ತದು. ಮೂರು ಇಟ್ಟಿಗೆ ಬ್ಲಾಕ್‌ಗೆ ಆರು ಸ್ಲ್ಯಾಬ್ ಸಿಗುತ್ತವೆ. ಈ ಮಾಡಿಗೆ 285 ಸ್ಲ್ಯಾಬ್ ಬೇಕು, ಅಂದರೆ 144 ಇಟ್ಟಿಗೆ ಬ್ಲಾಕ್. ಒಂದು ಬ್ಲಾಕ್‌ಗೆ ನಾಲ್ಕು ಇಟ್ಟಿಗೆ, ಒಟ್ಟು 576. ಒಂದು ಇಟ್ಟಿಗೆಗೆ ಒಂದು ಜೇಡಿಮಣ್ಣಿನ ಉಂಡೆ. ಕುಲುಮೆಯಲ್ಲಿ ಒಂದು ಸುಡಲು 10 ಸೆಕೆಂಡ್. ಒಂದೇ ಕುಲುಮೆ ಇದ್ದರೆ 96 ನಿಮಿಷ, ನಾಲ್ಕು ಇಟ್ಟರೆ 24 ನಿಮಿಷ. ಒಂದು ಕಲ್ಲಿದ್ದಲಿಗೆ ಎಂಟು ಇಟ್ಟಿಗೆ ಸುಡುತ್ತದೆ, ಒಟ್ಟು 72 ಕಲ್ಲಿದ್ದಲು. ಅದೇ ಮಾಡನ್ನು ಕೆಲಸದ ಮೇಜಿನಲ್ಲಿ ಮಾಡಿದ ಸ್ಟೇರ್‌ನಿಂದ ಕಟ್ಟಿದರೆ 1600 ಇಟ್ಟಿಗೆ ದಾಟುತ್ತದೆ. ಈ ಲೆಕ್ಕವನ್ನು ನೀವು ಹೇಳಿಕೊಡಬೇಡಿ. ಅವನ ಮನೆಯ ಅಳತೆ ಇಟ್ಟು ಅವನೇ ಹಾಕಲಿ. ಗುಣಾಕಾರದ ಪುಸ್ತಕ ಕಂಡರೆ ಓಡುವ ಮಕ್ಕಳು ಇದನ್ನು ಎರಡೆರಡು ಸಲ ಸರಿನೋಡುವುದನ್ನು ನಾನು ಕಂಡಿದ್ದೇನೆ. ತಪ್ಪಿದರೆ ಮತ್ತೆ ನದಿಗೆ ಹೋಗಿ ಜೇಡಿಮಣ್ಣು ಅಗೆಯಬೇಕಲ್ಲ.

ಕಂಬಗಳಿಗೂ ಒಂದು ಮಾತು. ಜಗಲಿಯ ಕಂಬಕ್ಕೆ ಮರದ ದಿಮ್ಮಿ ಬ್ಲಾಕ್ ಇಟ್ಟರೆ ಅದು ಒಂದು ಮೀಟರ್ ದಪ್ಪ, ರೈಲ್ವೆ ಸೇತುವೆಯ ಕಂಬ ಆಗುತ್ತದೆ. ಬೇಲಿಯ ತುಂಡುಗಳನ್ನು ಒಂದರ ಮೇಲೊಂದು ನಿಲ್ಲಿಸಲಿ. ಅದರ ದಪ್ಪ ಕಾಲು ಬ್ಲಾಕ್, 10 ಇಂಚಿಗೆ ಹತ್ತಿರ. ಮರದ ಕಂಬ ಅಂದರೆ ಅಷ್ಟೇ. ಜಗಲಿಯ ದಳಿಗೆ, ಕಿಟಕಿಯ ಬಾಗಿಲಿಗೆ ಟ್ರ್ಯಾಪ್‌ಡೋರ್ ತೆಳ್ಳಗೆ ಚೆನ್ನಾಗಿ ಕೂರುತ್ತದೆ. ಗೋಡೆಗೆ ಬಿಳಿ ಕಾಂಕ್ರೀಟ್ ಹಾಕಿದರೆ ಸುಣ್ಣ ಬಳಿದಂತಿರುತ್ತದೆ. ಪುಡಿಯನ್ನು ನೀರಿಗೆ ತಾಗಿಸಿದರೆ ಅದು ಗಟ್ಟಿಯಾಗುತ್ತದೆ. ಪಂಚಾಂಗಕ್ಕೆ ಗ್ರಾನೈಟ್, ಅದರ ಬಣ್ಣ ಮಾಸಿದ ಕೆಂಪುಕಲ್ಲಿನಂತೆ. ಕಾವಿ ನೆಲಕ್ಕೆ ಕೆಂಪು ಟೆರಾಕೋಟ. ಇಷ್ಟರಲ್ಲಿ ನಿಲ್ಲಿಸಲಿ. ಒಂದು ಮನೆಗೆ ನಾಲ್ಕೈದು ಬಗೆಗಿಂತ ಜಾಸ್ತಿ ಬ್ಲಾಕ್ ಸೇರಿಸಿದರೆ ಅಂಗಡಿಯಂತೆ ಕಾಣುತ್ತದೆ.

ಕ್ರಿಯೇಟಿವ್ ಮೋಸ ಹೌದೋ ಅಲ್ಲವೋ? ಅವನ ಭಾವನೆಯನ್ನು ನಾನು ಗೌರವಿಸುತ್ತೇನೆ. ಸ್ವಂತ ಅಗೆದು, ಸುಟ್ಟು ತಂದ ಇಟ್ಟಿಗೆಯಲ್ಲಿ ಕಟ್ಟಿದ ಮನೆಯ ತೂಕವೇ ಬೇರೆ. ಆದರೆ ನಮ್ಮ ಆಫೀಸಿನಲ್ಲಿ ಕಟ್ಟಡಕ್ಕೆ ಮೊದಲು ರಟ್ಟಿನ ಮಾದರಿ ಮಾಡುತ್ತೇವೆ. ಅದನ್ನು ಯಾರೂ ಮೋಸ ಅನ್ನುವುದಿಲ್ಲ. ಬೇರೆ ಲೋಕವೊಂದನ್ನು ಕ್ರಿಯೇಟಿವ್‌ನಲ್ಲಿ ತೆರೆದು ಅಲ್ಲಿ ಜಗಲಿಯ ಒಂದು ಮೂಲೆ ಮತ್ತು ಮಾಡಿನ ಒಂದು ತುಂಡು ಕಟ್ಟಿ ನೋಡಲಿ, ಇಡೀ ಮನೆ ಬೇಡ. ಸರಿ ಕಂಡರೆ, ಸಾಮಾನು ತಾನೇ ಅಗೆದು ತರಬೇಕಾದ ತನ್ನ ಸರ್ವೈವಲ್ ಲೋಕದಲ್ಲಿ ಕಟ್ಟಲಿ. ಈಗಿರುವ ಲೋಕವನ್ನೇ ಕ್ರಿಯೇಟಿವ್‌ಗೆ ಬದಲಿಸಬೇಡಿ. ಟ್ಯಾಬ್ ಆವೃತ್ತಿಯಲ್ಲಿ ಹಾಗೆ ಮಾಡಿದರೆ ಆ ಲೋಕದಲ್ಲಿ ಮುಂದೆ ಸಾಧನೆಯ ಪದಕಗಳು ಸಿಗುವುದಿಲ್ಲ. ಅದು ಮಕ್ಕಳಿಗೆ ದೊಡ್ಡ ವಿಷಯ.

ಪೂರ್ತಿ ಕ್ರಿಯೇಟಿವ್‌ನಲ್ಲೇ ಕಟ್ಟಿದರೆ ಬೇರೆ ಅಪಾಯ ಇದೆ. ಸಾಮಾನಿಗೆ ಮಿತಿಯೇ ಇಲ್ಲದಾಗ ಮಕ್ಕಳು ದಿನಕ್ಕೊಂದು ಗೋಡೆ ಬದಲಿಸುತ್ತಾರೆ, ಮುಗಿಸುವುದೇ ಇಲ್ಲ. ನಡುವಿನ ದಾರಿ ಪೀಸ್‌ಫುಲ್. ಸಾಮಾನು ತಾನೇ ತರಬೇಕು, ಆದರೆ ರಾಕ್ಷಸರು ಬರುವುದಿಲ್ಲ. ಅದರಲ್ಲಿ ಅಸ್ಥಿಪಂಜರ ಇಲ್ಲ, ಹಾಗಾಗಿ ಅದರಿಂದ ಸಿಗುವ ಮೂಳೆಯೂ ಇಲ್ಲ. ಬಿಳಿ ಬಣ್ಣಕ್ಕೆ ಮೂಳೆ ಪುಡಿ ಬೇಕಾಗುತ್ತದೆ, ಅದನ್ನು ಮೊದಲೇ ಕೂಡಿಡಲಿ. ಪ್ರಾಣಿಗಳು ಬ್ಲಾಕ್ ಒಡೆಯದಂತೆ, ಬೆಂಕಿ ಹರಡದಂತೆ ಮಾಡುವ ಗುಂಡಿಗಳೂ ಸೆಟ್ಟಿಂಗ್‌ನಲ್ಲಿ ಇವೆ. ಅವನಿಗೆ ತಿಳಿಸಿ, ಆಯ್ಕೆ ಅವನದೇ ಇರಲಿ. ನನ್ನನ್ನು ಕೇಳಿದರೆ ಪಾಗಾರ, ಟಾರ್ಚ್, ಬೆಕ್ಕು ಇಟ್ಟು ಮಾಮೂಲಿ ಸರ್ವೈವಲ್‌ನಲ್ಲೇ ಕಟ್ಟಲಿ, ಅವನಿಗೆ ಆ ತಾಕತ್ತಿದೆ.

ಆದರೆ ಒಂದು ಕೆಲಸ ತಪ್ಪದೆ ಮಾಡಿಸಿ. ಪಂಚಾಂಗ ಮುಗಿದಾಗ, ಗೋಡೆ ಮುಗಿದಾಗ, ಮಾಡು ಮುಗಿದಾಗ ಆ ಲೋಕದ ಒಂದು ನಕಲು ತೆಗೆದಿಡಲಿ. ಲೋಕದ ಹೆಸರಿನ ಪಕ್ಕದ ಪೆನ್ಸಿಲ್ ಒತ್ತಿದರೆ ನಕಲು ಮಾಡುವ ಆಯ್ಕೆ ಸಿಗುತ್ತದೆ. ಎರಡು ನಿಮಿಷದ ಕೆಲಸ. ನನ್ನ ಕ್ಲಾಸಿನ ಒಬ್ಬ ಹುಡುಗಿಯ ಮೂರು ತಿಂಗಳ ಕೆಲಸ ಟ್ಯಾಬ್ ಕೆಟ್ಟು ಹೋಯಿತು. ಅವಳು ಮತ್ತೆ ಕ್ಲಾಸಿಗೆ ಬರಲಿಲ್ಲ. ಆ ದಿನದಿಂದ ನಾನು ನಕಲು ತೆಗೆಸದೆ ಯಾರನ್ನೂ ಮನೆಗೆ ಕಳಿಸುವುದಿಲ್ಲ. ಸಾಧ್ಯವಾದರೆ ಒಂದು ನಕಲು ಬೇರೆ ಕಡೆಯೂ ಇರಲಿ.

ನಿಮ್ಮ ಯಜಮಾನರ ಮಾತಿಗೆ. ಈ ಆಟ ಎಂಜಿನಿಯರ್ ಮಾಡುವುದಿಲ್ಲ. ಕಟ್ಟಡ ಎಂಜಿನಿಯರ್‌ಗೆ ಬೇಕಾದ ಮೊದಲ ವಿಷಯವೇ ಭಾರ ಎಲ್ಲಿಂದ ಎಲ್ಲಿಗೆ ಇಳಿಯುತ್ತದೆ ಅನ್ನೋದು, ಅದೇ ಈ ಆಟದಲ್ಲಿ ಇಲ್ಲ. ಕಂಬ ತೆಗೆದರೂ ಮಾಡು ನಿಲ್ಲುತ್ತದೆ. ಹೊರಗೆ ಹಾಗಲ್ಲ. ಒಮ್ಮೆ ಒಬ್ಬರು ಫ್ಲ್ಯಾಟ್ ರಿಪೇರಿಗೆ ಕರೆದು, ಈ ಕಾಲಂ ತೆಗೆದರೆ ಹಾಲ್ ದೊಡ್ಡದಾಗುತ್ತೆ ಅಲ್ವಾ ಅಂದರು. ಅದರ ಮೇಲೆ ನಾಲ್ಕು ಮಹಡಿ ಕೂತಿತ್ತು. ಮಗ ಆಟದಲ್ಲಿ ಕಂಬ ಒಡೆಯುವಾಗ ಈ ಕಥೆ ಹೇಳಿ, ಮನೆಯಲ್ಲಿ ಬೀಮ್ ಎಲ್ಲಿದೆ ಅಂತ ಬೆರಳಿಟ್ಟು ತೋರಿಸಿ. ಆಟ ಕಲಿಸುವುದು ಬೇರೆ. ಅಳತೆ, ಮೂರು ಕಡೆಯಿಂದ ನೋಡುವ ಅಭ್ಯಾಸ, ಸಾಮಾನಿನ ಲೆಕ್ಕ, ಮತ್ತೆ ಕಟ್ಟುವ ಧೈರ್ಯ. ಅದೇನು ಕಡಿಮೆಯಲ್ಲ. 2012ರಿಂದ ವಿಶ್ವಸಂಸ್ಥೆಯ ಯುಎನ್ ಹ್ಯಾಬಿಟಾಟ್, ಈ ಆಟ ಮಾಡಿದ ಸ್ವೀಡನ್ನಿನ ಮೊಜಾಂಗ್ ಕಂಪನಿಯ ಜೊತೆ ಸೇರಿ, ಬೇರೆ ಬೇರೆ ದೇಶಗಳ ಬಡಾವಣೆಯ ಜನರಿಂದಲೇ ಅವರ ಪಾರ್ಕು, ಮೈದಾನಗಳ ವಿನ್ಯಾಸವನ್ನು ಇದೇ ಆಟದಲ್ಲಿ ಮಾಡಿಸಿದೆ. ನಕ್ಷೆ ಓದಲು ಬರದವರೂ ಬ್ಲಾಕ್ ಇಟ್ಟು ಇಲ್ಲಿ ನೆರಳು ಬೇಕು, ಇಲ್ಲಿ ದೀಪ ಬೇಕು ಅಂತ ತೋರಿಸಬಲ್ಲರು.

ಅತ್ತೆಯವರ ಚಿಂತೆಯನ್ನೂ ತಳ್ಳಿಹಾಕಬೇಡಿ. ಕಣ್ಣಿನ ವಿಷಯ ಕಣ್ಣಿನ ಡಾಕ್ಟರನ್ನೇ ಕೇಳಿ. ಸಮಯಕ್ಕೆ ನನ್ನ ಹತ್ತಿರ ಒಂದು ಉಪಾಯ ಇದೆ. ಗಡಿಯಾರ ನೋಡಿ ಸಾಕು ಅಂದರೆ ಯಾವ ಮಗುವೂ ಏಳುವುದಿಲ್ಲ, ಅರ್ಧ ಗೋಡೆ ಕೈಯಲ್ಲಿರುತ್ತದೆ. ಆಟದೊಳಗಿನ ಒಂದು ದಿನಕ್ಕೆ 20 ನಿಮಿಷ. ಇವತ್ತು ಮೂರು ದಿನ ಅಂತ ಮಾತಾಡಿಕೊಳ್ಳಿ. ಮೂರನೇ ರಾತ್ರಿ ಅವನು ಆಟದ ಹಾಸಿಗೆಯಲ್ಲಿ ಮಲಗಿದ ಮೇಲೆ ಟ್ಯಾಬ್ ಮುಚ್ಚಬೇಕು. ರಾತ್ರಿಗಳನ್ನು ಮಲಗಿ ಕಳೆದರೆ ಒಂದು ಗಂಟೆಗೂ ಕಡಿಮೆಯೇ ಆಗುತ್ತದೆ. ನನ್ನ ಕ್ಲಾಸಿನಲ್ಲಿ ಜಗಳ ನಿಂತದ್ದು ಹೀಗೆ.

ಅಜ್ಜನಿಗೆ ತೋರಿಸುವ ದಿನ ಟ್ಯಾಬ್‌ನ ಚಿಕ್ಕ ಪರದೆ ಕೈಗೆ ಕೊಡಬೇಡಿ, ಟಿವಿಗೆ ಜೋಡಿಸಿ. ಸೆಟ್ಟಿಂಗ್‌ನಲ್ಲಿ ವ್ಯೂ ಬಾಬಿಂಗ್ ಅಂತ ಇರುತ್ತದೆ, ನಡೆಯುವಾಗ ಪರದೆ ಮೇಲೆ ಕೆಳಗೆ ಅಲುಗುವುದು. ಅದನ್ನು ನಿಲ್ಲಿಸಿಡಿ, ವಯಸ್ಸಾದವರಿಗೆ ತಲೆ ಸುತ್ತುತ್ತದೆ. ಆಟದಲ್ಲಿ ಬೆಳಗಿನ ಹೊತ್ತು ಇರಲಿ. ಮಗ ಪಾಗಾರದ ಹೊರಗಿನಿಂದ ಶುರು ಮಾಡಿ, ಓಡದೆ, ಅಂಗಳ ದಾಟಿ ಜಗಲಿ ಹತ್ತಲಿ. ಪಕ್ಕದಲ್ಲಿ ಆ ಗ್ರಾಫ್ ಪುಸ್ತಕವೂ ಪೆನ್ಸಿಲೂ ಇರಲಿ. "ಬಾವಿ ಇನ್ನೂ ಸ್ವಲ್ಪ ಎಡಕ್ಕೆ ಮಗಾ" ಅಂತ ಅಜ್ಜ ಹೇಳಿಯೇ ಹೇಳುತ್ತಾರೆ. ಆಗ ಗುರುತು ಹಾಕಿಕೊಳ್ಳಲು ಬೇಕಾಗುತ್ತದೆ.